ಬಾಗಿಲು ತೆಗೆದ ತಂದೆ

ಮಧುಗಿರಿ
೧೯೩೮, ಬುಧವಾರ ಸಂಜೆ

ಅಪ್ಪಾ,

ನೀನು ತೀರಿಕೊಂಡು ಮೂರು ವರ್ಷವಾಯಿತು; ಇದನ್ನು ಯಾವ ವಿಳಾಸಕ್ಕೂ ಹಾಕುವಂತಿಲ್ಲ. ಆದರೂ ಇವತ್ತು ಸ್ಕೂಲಿನಲ್ಲಿ ಆದದ್ದನ್ನು ನಿನಗೆ ಹೇಳದೆ ಇರಲಾಗುತ್ತಿಲ್ಲ.

ನಾನು ಪ್ರತಿವರ್ಷ ಹುಡುಗಿಯರಿಗೆ ಹೋದ ಶತಮಾನದ ಒಂದು ಕತೆ ಹೇಳುತ್ತೇನೆ. ಹೇಳದೆ ಮನೆ ಬಿಟ್ಟು ಹೋಗಿದ್ದ ಮಗಳು ಹಿಂತಿರುಗಿ ಬಂದು ಬಾಗಿಲು ತಟ್ಟುತ್ತಾಳೆ, ತಂದೆ ತೆಗೆಯುತ್ತಾನೆ. ಇವತ್ತು ನೆಗಡಿಯಿಂದ ದನಿ ಬಿದ್ದಿತ್ತೆಂದು ಪುಸ್ತಕವನ್ನೇ ಮುನಿಯಮ್ಮನೆಂಬ ಹುಡುಗಿಯ ಕೈಗೆ ಕೊಟ್ಟು ಓದಿಸಿದೆ. ಕೊನೆಯ ಪುಟದಲ್ಲಿ ಅವಳು ನಿಲ್ಲಿಸಿಬಿಟ್ಟಳು.

"ಇದ್ರಲ್ಲಿ ಹಂಗಿಲ್ಲ ಮೇಡಮ್ಮೋರೆ. ಅವರಪ್ಪ ಬಾಗ್ಲು ತೆಗೆಯೋದೇ ಇಲ್ಲ. ಹೋದ್ವರ್ಸ ನೀವು ತೆಗೆದ ಅಂದಿದ್ರಲ್ಲ, ಯಾಕೆ?"

ಪುಸ್ತಕ ಕಿತ್ತುಕೊಂಡು ಅವಳನ್ನು ಗದರಿದೆ. ಪಾಪ, ಅವಳು ಮಾಡಿದ್ದಾದರೂ ಏನು? ಮನೆಗೆ ಬಂದಾಗಿನಿಂದ ಕೂತಲ್ಲಿ ಕೂರಲಾಗದೆ ಅಡುಗೆಮನೆಗೂ ಬಾಗಿಲಿಗೂ ಓಡಾಡುತ್ತಿದ್ದೇನೆ.

ಆ ಕಾಲದ ಕತೆಗಳು ಸಿಕ್ಕಷ್ಟನ್ನೂ ಓದಿದ್ದೇನೆ, ಅಪ್ಪಾ. ಎಲ್ಲದರಲ್ಲೂ ತಂದೆಯೇ ಒಳಗೆ, ಮಕ್ಕಳು ಹೊರಗೆ. ಕೆಲಸಕ್ಕೆ ಹೋಗಬೇಡವೆಂದು ಹಟ ಹಿಡಿದಿದ್ದ ತಂದೆ ಕೊನೆಗೆ ಕೊರಟಗೆರೆಯಿಂದ ನಡೆದು ಬಂದು, ಮಗಳ ಮನೆಯ ಜಗಲಿಯ ಮೇಲೆ ಮಧ್ಯಾಹ್ನವೆಲ್ಲ ಕೂತು ಹೋದ ಕತೆ ಒಂದೂ ಸಿಗಲಿಲ್ಲ.

ಆ ದಿನ ಜಗಲಿಯಿಂದ ಎದ್ದು ಹೊರಡುವ ಮುಂಚೆ ನೀನು ಪಕ್ಕದ ಮನೆಯ ರಾಜಲಕ್ಷ್ಮಮ್ಮನನ್ನು ಕೇಳಿದೆ: "ನಮ್ಮುಡ್ಗಿ ಚೆನ್ನಾಗವ್ಳಾ, ತಾಯಿ?"

ನನಗೆ ಕೇಳಿಸಿತು. ಮುಚ್ಚಿದ ಬಾಗಿಲ ಅಗುಳಿಯ ಮೇಲೆ ಕೈಯಿಟ್ಟುಕೊಂಡು ನಾನು ಒಳಗೇ ನಿಂತಿದ್ದೆ.