‘ಇಲ್ಲ’ ಎಂದು ಬರೆಯುವ ಮೊದಲು

ಹುಬ್ಬಳ್ಳಿ, ಫೆಬ್ರವರಿ 30, 2167

ಪ್ರಭಾವತಿ ಮೇಡಂ ಅವರಿಗೆ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ; ಉಳಿದ ಐದು ಯಾವ ತಿಂಗಳಿಗೂ ಸೇರದ ರಜೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಗಂಗವ್ವ, ನಿಮ್ಮಂತೆಯೇ ಪ್ರಯೋಗಾಲಯದವಳು. ಮೂವತ್ತು ವರ್ಷದಿಂದ ಜನರ ರಕ್ತ, ಮೂತ್ರದಲ್ಲಿ ಎಂಜಲು ಹುಡುಕುತ್ತಿದ್ದೇನೆ. ಔಷಧವನ್ನು ದೇಹ ಅರಗಿಸಿಕೊಂಡ ಮೇಲೆ ಉಳಿಯುವ ಚೂರುಗಳನ್ನು ನಾವು ಹಾಗೆ ಕರೆಯುತ್ತೇವೆ. ಔಷಧ ಬೇಗ ಮಾಯವಾದರೂ ಅದರ ಎಂಜಲು ಎಷ್ಟೋ ಸಲ ದಿನಗಟ್ಟಲೆ ಸಿಗುತ್ತದೆ.

ನಮ್ಮಲ್ಲೊಂದು ಪದ್ಧತಿಯಿದೆ. ವರದಿಯಲ್ಲಿ ಯಾರೂ ‘ಇಲ್ಲ’ ಎಂದು ಬರೆಯುವಂತಿಲ್ಲ. ‘ಇಂತಿಂಥದ್ದು ಹುಡುಕಿದೆ, ಕಾಣಲಿಲ್ಲ’ ಎಂದು ಬರೆದು, ಪಕ್ಕದ ಮೇಜಿನವರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಹೊಸದಾಗಿ ಸೇರಿದವರು ಕಿಸಕ್ಕನೆ ನಗುತ್ತಾರೆ, ನಾನು ಬೈಯುತ್ತೇನೆ. ಈ ಪದ್ಧತಿ ತಂದವಳೂ ನಾನೇ, ನನಗೆ ಕಲಿಸಿದವಳು ಮುತ್ತಜ್ಜಿ ಸಾನ್ವಿ. (ನಮಗೆ ಸಾನ್ವಿ ಎಂದರೆ ಹಳೇ ಕಾಲದ ಮುದುಕಿಯರ ಹೆಸರು.) ಚಿಕ್ಕವಳಿದ್ದಾಗ ಉಪ್ಪಿನ ಡಬ್ಬಿ ಇಲ್ಲವೆಂದರೆ ಸಾಕು, “ಇಲ್ಲ ಅನಬ್ಯಾಡವಾ. ಎಲ್ಲೆಲ್ಲಿ ನೋಡಿದಿ, ಅದನ್ನ ಮೊದಲ ಹೇಳು” ಎನ್ನುತ್ತಿದ್ದಳು. ಅದರ ಹಿಂದಿನ ಸಂಕಟ ನನಗೆ ತಿಳಿದದ್ದು ತಡವಾಗಿ.

ನಿಮ್ಮ ಮೇಜಿನ ಮೇಲಿರುವ ರಕ್ತದ ಸೀಸೆ ಸಾನ್ವಿಯ ಅಪ್ಪ ಫಕ್ಕೀರೇಶನದು. ಗೂಡ್ಸ್ ಶೆಡ್ಡಿನ ಹಮಾಲ. ಬೆನ್ನುನೋವಿಗೆಂದು ಚೀಟಿಯಿಲ್ಲದೆ ಮಾತ್ರೆ ಕೊಂಡು ನುಂಗಿದ್ದ, ನಿದ್ದೆಯಲ್ಲೇ ಹೋದ. ಆ ಮಾತ್ರೆಯಲ್ಲಿದ್ದದ್ದು ಗಿಡದ ಅಫೀಮಲ್ಲ, ರಾಸಾಯನಿಕಗಳಿಂದ ಕಟ್ಟಿದ ಹೊಸ ಅಫೀಮು. ನಿಮ್ಮ ಯಂತ್ರ ತನ್ನ ಪಟ್ಟಿಯಲ್ಲಿದ್ದುದನ್ನು ಮಾತ್ರ ಗುರುತಿಸುತ್ತದೆ. ಈ ಎಂಜಲಿನ ಹೆಸರು ಆ ಪಟ್ಟಿಗೆ ಇನ್ನೂ ಸೇರಿಲ್ಲ. ನಮ್ಮ ಕಾಲಕ್ಕೆ ಉಳಿದು ಬಂದ ವರದಿಯಲ್ಲಿ ನೀವು ‘ಮಾದಕ ವಸ್ತು ಇಲ್ಲ’ ಎಂದು ಬರೆದಿದ್ದೀರಿ. ಆಗ ಎಲ್ಲರೂ ಹಾಗೇ ಬರೆಯುತ್ತಿದ್ದರು. ಮನೆಯವರು ಹೃದಯಾಘಾತವೆಂದು ನಂಬಿ, ಉಳಿದ ಮಾತ್ರೆಗಳನ್ನು ಗೋಡೆಯ ಗೂಡಿನಲ್ಲಿಟ್ಟರು. ಹತ್ತೊಂಬತ್ತನೆಯ ದಿನ ಅವನ ಹೆಂಡತಿ ರೇಣವ್ವ ಹಲ್ಲುನೋವು ತಾಳಲಾರದೆ ಒಂದನ್ನು ನುಂಗಿದಳು. ಸಾನ್ವಿ ಆಗ ತೊಟ್ಟಿಲ ಕೂಸು.

ನಿಮ್ಮ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು, ಮುಚ್ಚಿಡುವುದಿಲ್ಲ. ಆಮೇಲೊಂದು ದಿನ, ಮನೆಗೆ ಹೋಗುವ ಅವಸರದಲ್ಲಿ, ನಾನೇ ‘ಇಲ್ಲ’ ಎಂದು ಬರೆದು ಸಹಿ ಹಾಕುವುದರಲ್ಲಿದ್ದೆ. ಸಿಟ್ಟು ಇಳಿಯಿತು.

ಈ ಕಾಗದ ಸರಿಯಾದ ದಿನಕ್ಕೆ ಮುಟ್ಟಿದ್ದರೆ ವರದಿ ಇನ್ನೂ ನಿಮ್ಮ ಮುಂದೆಯೇ ಇದೆ. ‘ಹುಡುಕಿದಷ್ಟರಲ್ಲಿ ಕಾಣಲಿಲ್ಲ’ ಎಂದು ಬರೆಯಿರಿ. ಸೀಸೆಯನ್ನು ಚೆಲ್ಲದೆ ಫ್ರೀಜರಿನಲ್ಲಿಡಿ. ಆಮೇಲೆ ರೇಣವ್ವನಿಗೊಂದು ಫೋನ್ ಮಾಡಿ, ಗೂಡಿನಲ್ಲಿರುವ ಮಾತ್ರೆ ಮುಟ್ಟಬೇಡ ಎಂದು ಹೇಳಿ. ಅವಳು ಬದುಕಿದರೆ ಸಾನ್ವಿಯ ದಾರಿಯೇ ಬೇರೆಯಾಗಿ, ನಾನು ಹುಟ್ಟದೆಯೂ ಹೋದೇನು. ಹೋಗಲಿ ಬಿಡಿ. ತೊಂಬತ್ತು ದಾಟಿ ಸಾಯುವ ಹೊತ್ತಿನಲ್ಲೂ ಮುತ್ತಜ್ಜಿ ಕೇಳುತ್ತಿದ್ದದ್ದು ಒಂದೇ, ನಮ್ಮವ್ವ ನೋಡಾಕ ಹೆಂಗಿದ್ಲು ಅಂತ. ಹೇಳಲು ಯಾರೂ ಇರಲಿಲ್ಲ.

ಇಂತಿ,
ಗಂಗವ್ವ