ಸಾಂಬಾರ್ ತಿಂದ ತಗಡು

ಬಾಗಲಗುಂಟೆ
ತಾ. 16-11-2025, ಭಾನುವಾರ

ಮನೆ ಬಿಟ್ಟು ಹೋದರೂ ಇನ್ನೂ ನಮ್ಮ ಮನೆಯವರೇ ಆಗಿರುವ ರಾಜೇಂದ್ರ ಅವರಿಗೆ,

ಪದ್ಮಾವತಿ ಮಾಡುವ ನಮಸ್ಕಾರ. ನಾವೆಲ್ಲ ಕ್ಷೇಮ ಅಂತ ಮೊದಲು ಬರೆಯಬೇಕಂತೆ. ನನಗೂ ಮಗಳು ಬಿಂದುಶ್ರೀಗೂ ಜ್ವರ, ಕೆಮ್ಮು ಏನೂ ಇಲ್ಲ. ಕ್ಷೇಮ ಅನ್ನುವುದು ಬೇರೆ ವಿಷಯ, ಅದನ್ನು ಬಿಡಿ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ನಿಮ್ಮ ಅಕ್ಕನಿಗೆ ಮಾಡಿದರೆ "ಮಲಗವ್ನೆ ಕಣಮ್ಮ" ಅನ್ನುತ್ತಾರೆ. ಏಳು ತಿಂಗಳಿಂದ ಮಲಗೇ ಇರುವ ಗಂಡಸು ಆನೇಕಲ್‌ನಲ್ಲಿ ಇನ್ನೆಷ್ಟು ಜನ ಇದ್ದಾರೋ! ಅದಕ್ಕೇ ಈ ಕಾಗದ. ಅಕ್ಕ ಇದನ್ನು ತಂದು ನಿಮ್ಮ ಕೈಗೇ ಕೊಡುತ್ತಾರೆ, ಪೂರ್ತಿ ಓದಿ.

ನಮ್ಮ ಓಮ್ನಿಗೆ ಹದಿನೈದು ವರ್ಷ ತುಂಬಿತು. ಬಿಂದು ಹುಟ್ಟಿದ ವರ್ಷ ತಂದದ್ದಲ್ಲವೇ? ಇನ್ನು ಆರ್‌ಟಿಓದಲ್ಲಿ ತೋರಿಸಿ ಗಾಡಿ ಗಟ್ಟಿಯಿದೆ ಅಂತ ಎಫ್‌ಸಿ ಮಾಡಿಸದೆ ರಸ್ತೆಗೆ ಇಳಿಸುವ ಹಾಗಿಲ್ಲ. ಗಾಡಿ ನಿಂತರೆ ಪೀಣ್ಯದ ಫ್ಯಾಕ್ಟರಿ ಗೇಟಿನ ಮುಂದೆ ನನ್ನ ಇಡ್ಲಿಯೂ ಇಲ್ಲ, ಚಿತ್ರಾನ್ನವೂ ಇಲ್ಲ. ಒಂದು ಸಲ ತೊಳೆದುಬಿಡೋಣ ಅಂತ ಹಿಂದಿನ ಮ್ಯಾಟ್ ಎತ್ತಿ ನೋಡಿದೆ. ಸಾಂಬಾರ್ ಡ್ರಮ್ ಇಡುವ ಜಾಗದಲ್ಲಿ ತಗಡೇ ಇಲ್ಲ! ಕೆಳಗಿನ ನೆಲ ಕಾಣುತ್ತಿತ್ತು. ಹಂಪ್ ಹತ್ತಿಸಿದಾಗಲೆಲ್ಲ ತುಳುಕಿದ ಸಾಂಬಾರಿನ ಉಪ್ಪು, ಹುಳಿ ಎಲ್ಲ ಇಳಿದು ಇಳಿದು ತಗಡನ್ನು ತಿಂದುಹಾಕಿದೆ. ಡ್ರಮ್ ಕೆಳಗೆ ಒಂದು ಅಗಲವಾದ ತಟ್ಟೆ ಇಡು ಅಂತ ನೀವು ಹತ್ತು ಸಲ ಹೇಳಿದ್ದಿರಿ. ಅಡುಗೆ ವಿಷಯ ನಿಮಗೇನು ಗೊತ್ತು, ಸುಮ್ಮನಿರಿ ಅಂದಿದ್ದೆ. ತಪ್ಪು ನನ್ನದೇ, ಒಪ್ಪಿಕೊಂಡೆ.

ಪೀಣ್ಯದಲ್ಲಿ ಕಣ್ಣು ಮುಚ್ಚಿ ಕಲ್ಲು ಎಸೆದರೂ ಯಾರಾದರೂ ವೆಲ್ಡರ್ ತಲೆಗೇ ಬೀಳುತ್ತದೆ. ನೀವು ಹೋಗುವಾಗ ನಿಮ್ಮ ವೆಲ್ಡಿಂಗ್ ಸೆಟ್ ಕೊಟ್ಟು ಹೋದಿರಲ್ಲ, ಆ ಎದುರು ಶೆಡ್ಡಿನ ಮಲ್ಲಿಕ್, "ಅಕ್ಕಾ, ಅರ್ಧ ದಿನದ ಕೆಲಸ, ನಾನ್ ಮಾಡ್ಕೊಡ್ತೀನಿ ಬಿಡಿ" ಅಂದ. ನಾನು ಬೇಡ ಅಂದೆ. ಸಿಟ್ಟು, ಇನ್ನೇನು? ಹದಿನೇಳು ವರ್ಷ ವೆಲ್ಡರ್ ಜೊತೆ ಸಂಸಾರ ಮಾಡಿ, ಒಂದು ತೂತು ಮುಚ್ಚಿಸಲು ಇನ್ನೊಬ್ಬರ ಮುಂದೆ ನಿಲ್ಲಬೇಕೇ? ಸೆಟ್ ತಂದುಕೊಡು ಸಾಕು, ನಾನೇ ವೆಲ್ಡ್ ಮಾಡುತ್ತೇನೆ ಅಂದೆ. ಅವನು ನನ್ನ ಮುಖ ನೋಡಿ ತೆಪ್ಪಗೆ ತಂದಿಟ್ಟ. ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಟ್ಟು, ಬ್ಯಾಟರಿ ತೆಗೆದು, ಅದಾದ ಮೇಲೇ ನನ್ನ ಕೈಗೆ ರಾಡು ಹಿಡಿಯುವ ಹೋಲ್ಡರ್ ಕೊಟ್ಟು ತನ್ನ ಕೆಲಸಕ್ಕೆ ಹೋದ.

ಮೊದಲ ದಿನದ ಕಥೆ ಕೇಳಿದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ, ನೀವು ನಕ್ಕು ಎಷ್ಟು ದಿನವಾಯಿತೋ. ನಮ್ಮ ಮನೆಯಲ್ಲಿ ಉಳಿದಿದ್ದದ್ದು ಗೇಟು, ಗ್ರಿಲ್ಲು ಮಾಡುವ ದಪ್ಪ ರಾಡುಗಳು. ನೀವು ಗೇಟಿಗೆ ಇಡುತ್ತಿದ್ದಷ್ಟೇ ಕರೆಂಟ್ ಇಟ್ಟು ಹಚ್ಚಿದೆ. ಕಾರಿನ ತಗಡು ಹಪ್ಪಳದ ಹಾಗೆ ತೆಳ್ಳಗಿರುತ್ತದೆ ಅಂತ ನನಗೇನು ಗೊತ್ತು? ಒಂದು ತೂತು ಮುಚ್ಚಲು ಹೋಗಿ ಏಳು ತೂತು ಮಾಡಿದೆ. ಅಷ್ಟರಲ್ಲಿ ಕಿಡಿ ಹಾರಿ ಸೀಟಿನ ಸ್ಪಂಜಿಗೆ ಬೆಂಕಿ ಹತ್ತಿಕೊಂಡಿತು. ಕೈಗೆ ಸಿಕ್ಕಿದ್ದು ಮಜ್ಜಿಗೆ ಪಾತ್ರೆ. ಸುರಿದುಬಿಟ್ಟೆ. ಕರಿಬೇವು, ಶುಂಠಿ ಸಮೇತ ಬೆಂಕಿ ಆರಿತು, ಸೀಟು ಇವತ್ತಿಗೂ ಒಗ್ಗರಣೆ ವಾಸನೆ ಹೊಡೆಯುತ್ತಿದೆ. ಬಿಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಗಾಬರಿಯಲ್ಲಿ ಮಾಸ್ಕ್ ಇಲ್ಲದೆ ಒಂದೆರಡು ಸಲ ಬೆಳಕು ನೋಡಿದ್ದಕ್ಕೆ ಸಂಜೆ ಕಣ್ಣಿಗೆ ಖಾರದ ಪುಡಿ ಎರಚಿದ ಹಾಗಾಯಿತು. ಹಿಂದೆ ನಿಮಗೆ ನಾನು ಮಾಡುತ್ತಿದ್ದ ಹಾಗೇ ಬಿಂದು ಆಲೂಗಡ್ಡೆ ಹೆಚ್ಚಿ ನನ್ನ ರೆಪ್ಪೆ ಮೇಲಿಟ್ಟಳು.

ಮಾರನೆಯ ದಿನ ಮಲ್ಲಿಕ್ ಸಣ್ಣ ರಾಡು ಕೊಟ್ಟು, ಕರೆಂಟ್ ಇಳಿಸಿ, ತುಕ್ಕನ್ನೆಲ್ಲ ಹೊಳೆಯುವ ತಗಡು ಸಿಗುವವರೆಗೂ ಕೆರೆಯಿರಿ ಅಂದ. ಗೆರೆ ಎಳೆಯಬೇಡಿ, ಚುಕ್ಕಿ ಇಡಿ, ಒಂದು ಚುಕ್ಕಿ ಆರಿದ ಮೇಲೆ ಇನ್ನೊಂದು ಮೂಲೆಗೆ ಹೋಗಿ ಅಂದ. ರಂಗೋಲಿ ಅಂದಿದ್ದರೆ ನನಗೆ ಮೊದಲ ದಿನವೇ ಅರ್ಥವಾಗುತ್ತಿತ್ತು.

ಬಾಲಾಜಿ ವಿಷಯ ಬರೆಯಬಾರದು ಅಂತಿದ್ದೆ. ಬರೆದೇಬಿಡುತ್ತೇನೆ, ಎದ್ದು ಹೋಗಬೇಡಿ. ತೇಪೆಗೆ ಹೊಸ ತಗಡು ತಂದುಕೊಟ್ಟವನು ಅವನೇ. ಸೂಪರ್‌ವೈಸರ್‌ನನ್ನು ಕೇಳಿ, ಫ್ಯಾಕ್ಟರಿಯಲ್ಲಿ ಕತ್ತರಿಸಿ ಉಳಿದ ತುಂಡು ತಂದ. ಅವನ ಮುರಿದ ಕಾಲು ಕೂಡಿಕೊಂಡಿದೆ. ಸ್ವಲ್ಪ ಎಳೆದು ನಡೆಯುತ್ತಾನೆ, ಸುಳ್ಳು ಹೇಳುವುದಿಲ್ಲ. ನಾನು ವೆಲ್ಡ್ ಮಾಡುವಾಗ ತಗಡು ಅಲುಗದ ಹಾಗೆ ಇಕ್ಕಳದಲ್ಲಿ ಹಿಡಿದು ಕೂತ. ನಮ್ಮ ಮನೆಯವರ ವೆಲ್ಡಿಂಗ್ ಅಂದರೆ ನಿನಗೆ ಹೆದರಿಕೆ ಇಲ್ಲವೇನಪ್ಪ ಅಂತ ಕೇಳಿಯೇಬಿಟ್ಟೆ. ಅವನು, "ಏಣಿಯಿಂದ ಬಿದ್ದಿದ್ದು ನಾನು, ಊರು ಬಿಟ್ಟಿದ್ದು ಅಣ್ಣ. ಇದ್ಯಾವ ನ್ಯಾಯ ಅಕ್ಕಾ?" ಅಂದ.

ನಾನು ನಿಮ್ಮನ್ನು ಸಮಾಧಾನ ಮಾಡಲು ಬರೆಯುತ್ತಿಲ್ಲ. ಆ ಏಣಿಗೆ ನೀವು ಹಾಕಿದ ಬೆಸುಗೆ ಬಿಟ್ಟಿದ್ದು ನಿಜ. ಮಾರ್ಚ್ ಮುಗಿಯುವುದರೊಳಗೆ ಬೇಕೇ ಬೇಕು ಅಂತ ಫ್ಯಾಕ್ಟರಿ ಮಾಲೀಕ ಕುತ್ತಿಗೆ ಮೇಲೆ ಕೂತಿದ್ದ, ನೀವು ಆತುರಕ್ಕೆ ಬಿದ್ದಿರಿ. ತಪ್ಪು ನಿಮ್ಮದೇ. ಆದರೆ ಆಸ್ಪತ್ರೆಗೆ ಹೋಗಿ ಅವನ ಕೈ ಹಿಡಿದುಕೊಂಡು ಅತ್ತವರೂ ನೀವೇ. ಅಷ್ಟು ಮಾಡಿದವರು ಆಮೇಲೆ "ಈ ಕೈ ನಂಬಬೇಡ್ರಿ" ಅಂತ ಎದ್ದು ಹೋದಿರಲ್ಲ, ನಾನು, ಬಿಂದು ಏನು ಪಾಪ ಮಾಡಿದ್ದೆವು? ಆ ಕೈ ಗೇಟು ಮಾತ್ರ ಮಾಡುತ್ತಿತ್ತೇ? ಮಗಳಿಗೆ ಜಡೆ ಹಾಕುತ್ತಿತ್ತು, ನನಗೆ ಹಿಟ್ಟು ರುಬ್ಬಿಕೊಡುತ್ತಿತ್ತು. ನನಗೆ ನಿಮ್ಮ ಮೇಲೆ ತುಂಬಾ ಸಿಟ್ಟಿದೆ ಕಣ್ರೀ.

ಎರಡನೆಯ ದಿನ ಮಧ್ಯಾಹ್ನ ಕೈ ಕೂತುಕೊಂಡಿತು. ಕಣ್ಣಿಗಿಂತ ಕಿವಿ ಮುಖ್ಯ ಅನ್ನುತ್ತಿದ್ದಿರಿ, ನನಗೆ ಆಗ ಅರ್ಥವಾಗಿರಲಿಲ್ಲ. ಸರಿಯಾಗಿ ವೆಲ್ಡ್ ಆಗುವಾಗ ಹದವಾಗಿ ಕಾದ ಎಣ್ಣೆಗೆ ಬೋಂಡಾ ಬಿಟ್ಟ ಹಾಗೆ ಸದ್ದು ಬರುತ್ತದೆ. ಆ ಸದ್ದು ನನಗೆ ಗೊತ್ತಿಲ್ಲವೇ? ಅಲ್ಲಿಂದ ಒಂದೊಂದೇ ಚುಕ್ಕಿ ಇಟ್ಟು ಸುತ್ತು ಮುಗಿಸಿದೆ. ನಿಮ್ಮ ಮಾಸ್ಕ್‌ನೊಳಗೆ ಇನ್ನೂ ನಿಮ್ಮ ಬೆವರಿನ ವಾಸನೆ ಇದೆ. ಅದರೊಳಗೆ ಮುಖ ಇಟ್ಟುಕೊಂಡು ಸ್ವಲ್ಪ ಹೊತ್ತು ಅತ್ತೆ. ಹೊರಗೆ ಕೂತಿದ್ದವರಿಗೆ ಕಾಣಲಿಲ್ಲ.

ಶುಕ್ರವಾರ ಆರ್‌ಟಿಓಗೆ ಹೋಗಿದ್ದೆ. ಲೈಟು, ಬ್ರೇಕು, ಹೊಗೆ ಎಲ್ಲ ಸರಿಯಾಗಿತ್ತು. ಆಮೇಲೆ ಇನ್‌ಸ್ಪೆಕ್ಟರ್ ಬಗ್ಗಿ, ಸ್ಕ್ರೂ ಡ್ರೈವರಿನಿಂದ ತೇಪೆಯ ಮೂಲೆ ಮೀಟಿದರು. ಬಿಟ್ಟುಕೊಂಡಿತು. ಸರಿ ಮಾಡಿಸಿಕೊಂಡು ಹದಿನೈದು ದಿನದೊಳಗೆ ಬನ್ನಿ ಅಂದಿದ್ದಾರೆ. ಮಲ್ಲಿಕ್‌ಗೆ ಈಗ ಬಿಡುವಿಲ್ಲ. ನನ್ನ ಕೈಯಲ್ಲಂತೂ ಆಗುವುದಿಲ್ಲ ಅಂತ ಗೊತ್ತಾಯಿತು. ನೀವೇ ಬಂದು ಮಾಡಿಕೊಡಬೇಕು. ನಿಮಗೆ ಒಂದು ಗಂಟೆಯ ಕೆಲಸ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಇಲ್ಲಿರುತ್ತೀರಿ. ಬಾಲಾಜಿ ಕಣ್ಣಿಗೆ ಬೀಳುತ್ತಾನೆ ಅಂತ ಅಂಜಬೇಡಿ.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ.

ಬೈದರೂ ಬಿಡದೆ ದಾರಿ ನೋಡುತ್ತಿರುವ,
ಪದ್ಮಾವತಿ

ತಾ.ಕ.: ಬಿಂದು ಇದನ್ನು ಓದಿ, "ಇದೇನಮ್ಮ, ಸುಳ್ಳು ಬರ್ದಿದ್ದೀಯ! ಇದನ್ನ ನಂಬಿ ಅಪ್ಪ ಬಂದ್ರೆ ಗಾಡಿಗೋಸ್ಕರ ಬಂದಂಗಾಯ್ತು, ನಮಗೋಸ್ಕರ ಅಲ್ಲ" ಅಂದಳು. ಇಷ್ಟೆಲ್ಲ ಹರಿದು ಮತ್ತೆ ಬರೆಯುವ ತ್ರಾಣ ಇಲ್ಲ, ನಿಜವನ್ನು ಇಲ್ಲೇ ಬರೆಯುತ್ತೇನೆ. ಶುಕ್ರವಾರವೇ ಎಫ್‌ಸಿ ಆಯಿತು. ಇನ್‌ಸ್ಪೆಕ್ಟರ್ ಮೀಟಿದರು, ಬೂಟುಗಾಲಲ್ಲಿ ಒದ್ದರು, ಒಂದು ಚುಕ್ಕಿಯೂ ಬಿಡಲಿಲ್ಲ. "ನೋಡೋಕ್ ಚೆನ್ನಾಗಿಲ್ಲ, ಆದ್ರೆ ಗಟ್ಟಿಯಾಗಿದೆ. ಯಾರಮ್ಮ ಮಾಡಿದ್ದು?" ಅಂತ ಕೇಳಿದರು. ನಾನೇ ಅನ್ನಬೇಕು ಅಂತ ಬಾಯಿ ತೆರೆದೆ. "ನಮ್ಮನೆಯವರು ಸಾರ್" ಅಂದುಬಿಟ್ಟೆ. ಯಾಕೆ ಹಾಗಂದೆನೋ, ಅಷ್ಟು ಜನರ ಮುಂದೆ ಕಣ್ಣಲ್ಲಿ ನೀರು ಬಂತು. ನಾಳೆಯಿಂದ ಗಾಡಿ ಓಡುತ್ತದೆ. ಇಲ್ಲಿ ನಿಮಗೆ ಮಾಡಲು ಯಾವ ಕೆಲಸವೂ ಇಲ್ಲ. ಸುಮ್ಮನೆ ಬನ್ನಿ.