ಬೀಗರ ಫ್ಲಾಸ್ಕಿನಲ್ಲಿ ಏನಿತ್ತು

ಡೊಂಬಿವಲಿ, ಶನಿವಾರ

ಅಣ್ಣನಿಗೆ ನಮಸ್ಕಾರ. ಇವತ್ತು ನನ್ನ ಒಪ್ಪತ್ತು. ನಸುಕಿನಲ್ಲೇ ನೀರು ಹಿಡಿದಿಟ್ಟು, ಪೂಜೆ ಮುಗಿಸಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಸುವರ್ಣಾಳನ್ನು ಕೇಳಿರುವ ಹುಡುಗನ ತಂದೆ ರಾಕ್ ತಂಡದಲ್ಲಿ ಹಾಡುತ್ತಾರೆ, ಕುಡಿಯುತ್ತಾರೋ ಏನೋ ನೋಡಿ ಬಾ ಎಂದಿದ್ದೆಯಲ್ಲ, ನಿನ್ನೆ ಸಂಜೆ ಇಲ್ಲೇ ಹತ್ತಿರದ ಠಾಣೆ ಊರಿನಲ್ಲಿ ಅವರ ಕಾರ್ಯಕ್ರಮಕ್ಕೆ ಹೋಗಿದ್ದೆ. ಮೂವತ್ತು ವರ್ಷದಿಂದ ತಾವೇ ಹಾಡು ಕಟ್ಟಿ ಬಾರಿಸುವ ನಾಲ್ವರು, ಎಲ್ಲರ ತಲೆಯೂ ಬೆಳ್ಳಗಾಗಿದೆ. ನಾನು ಭಜನೆಗೆ ಹೋದಂತೆ ಚಪ್ಪಲಿ ಹೊರಗೆ ಬಿಟ್ಟು, ಎಲ್ಲರಿಗಿಂತ ಮುಂದೆ ನೆಲಕ್ಕೆ ಕುಳಿತೆ. ಉಳಿದವರೆಲ್ಲ ನಿಂತು ಕುಣಿಯುತ್ತಿದ್ದರು. ಹುಡುಗನ ತಂದೆ ಹಾಡು ನಿಲ್ಲಿಸಿ ಮೈಕಿನಲ್ಲೇ, "ಅಕ್ಕಾರ, ಸ್ಪೀಕರ್ ಮುಂದ ಕುಂತೀರಿ, ಕಿವಿ ಹೋಗ್ತಾವ್ರಿ!" ಎಂದರು. ನನ್ನ ಕಿವಿ ಇನ್ನೂ ಗುಂಯ್ ಎನ್ನುತ್ತಿದೆ.

ಹಾಡಿಗೊಮ್ಮೆ ಫ್ಲಾಸ್ಕಿನಿಂದ ಏನೋ ಕುಡಿಯುತ್ತಿದ್ದರು. ಮುಗಿದ ಮೇಲೆ ಹೋಗಿ, "ಅದನ್ನ ನನಗೂ ಒಂದೀಟು ಕೊಡ್ರಿ" ಎಂದೆ.

"ಪರೀಕ್ಷಾ ಮಾಡಾಕ ಬಂದೀರೇನ್ರಿ?" ಎಂದು ನಕ್ಕು ಮುಚ್ಚಳದ ತುಂಬ ಸುರಿದರು. ಶುಂಠಿ ಹಾಕಿದ ಬಿಸಿನೀರು.

ಹಾಡು ಒಂದೂ ತಿಳಿಯಲಿಲ್ಲ. ಸಂಬಂಧಕ್ಕೆ ನನ್ನ ಒಪ್ಪಿಗೆ ಇದೆ. ಅಮಾವಾಸ್ಯೆಯೊಳಗೆ ಹೇಳಿ ಎಂದಿದ್ದಾರೆ. ನಮ್ಮ ಓಣಿಯ ಸೈದಪ್ಪ ಮುಂದಿನ ಶುಕ್ರವಾರ ಊರಿಂದ ಇಲ್ಲಿ ಪಕ್ಕದ ಕಲ್ಯಾಣ ಪಟ್ಟಣಕ್ಕೆ ಬರುತ್ತಾನೆ. ಸುವರ್ಣಾಳನ್ನೇ ಒಂದು ಮಾತು ಕೇಳಿ, ಉತ್ತರ ಅವನ ಕೈಲಿ ಕೊಟ್ಟು ಕಳಿಸು.

ತಂಗಿ ದಾನಮ್ಮ